ಭಾವನ ಭಯವೂ ಮೂರು ಲೋಟ ಪಾಯಸವೂ

ನಮ್ಮ ಭಾವ ಹಾವಿಗೆ ಹೆದರುವವರಲ್ಲ. ಪರ್ತ್‌ನ ಅವರ ಹಿತ್ತಲಿಗೆ ನುಗ್ಗಿದ ಹಾವನ್ನು ಪೊರಕೆ ಹಿಡಿದು ಸಾಗಹಾಕಿದವರು. ಅಂಥವರು ಒಂದು ಚಮಚ ಲೇಹ್ಯಕ್ಕೆ ಬೆವೆತು ನೀರಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ! ನಂಬುವುದಿಲ್ಲವೇ? ಕೇಳಿ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮನೆ ಪರ್ತ್‌ನ ವಿಲೆಟನ್ ಬಡಾವಣೆಯಲ್ಲಿ, ಕೆಲಸ ಅಲ್ಲೇ ಹತ್ತಿರದ ವೆಲ್ಷ್‌ಪೂಲಿನ ಒಂದು ಗೋದಾಮಿನಲ್ಲಿ. ಅವರ ಒಬ್ಬನೇ ಮಗ ಕ್ರಿಕೆಟ್ ಬಿಟ್ಟು ಬೇಸ್‌ಬಾಲ್ ಹಿಡಿದಾಗ ಹುಡುಗ ಕೈತಪ್ಪಿದ ಎಂದೇ ನಾವೆಲ್ಲ ತಿಳಿದಿದ್ದೆವು. ಅವನೋ ಚೆಂಡು ಎಸೆದೂ ಎಸೆದೂ ಊರಿನ ವೃತ್ತಿಪರ ತಂಡವನ್ನೇ ಸೇರಿಬಿಟ್ಟ. ಕರಾರಿನ ಹಿಂದೆಯೇ ಬಂತು ನೋಡಿ, ನಿಷೇಧಿತ ಮದ್ದುಗಳ ಪಟ್ಟಿ! ಸರಿಯಾಗಿ ಅದೇ ಹೊತ್ತಿಗೆ ಬೇರೆ ತಂಡದವನೊಬ್ಬ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದ್ದ. ಡಬ್ಬಿಯ ಪುಡಿಯಲ್ಲಿ ಏನು ಬೆರೆತಿತ್ತೋ ನನಗೆ ಗೊತ್ತಿರಲಿಲ್ಲ ಎಂದು ಅವನು ಅತ್ತರೂ ಆಟದಿಂದ ಆಚೆ ಹಾಕಿದರು.

ಅಲ್ಲಿಂದ ಶುರುವಾಯಿತು ಭಾವನ ಭಯ. ಮೈಸೂರಿನಿಂದ ಅವರ ತಾಯಿ ಮೊಮ್ಮಗನಿಗೆಂದು ಮಾಡಿ ಕಳಿಸಿದ್ದ ಲೇಹ್ಯದಲ್ಲಿ ಏನೇನು ಬೇರು ನಾರುಗಳಿದ್ದವೋ, ಆ ತಾಯಿಗೇ ಪೂರ್ತಿ ನೆನಪಿರಲಿಲ್ಲ. ನಾನು ಬ್ರಿಸ್ಬೇನಿನಿಂದ ಅವರ ಮನೆಗೆ ಹೋದ ದಿನವೇ ಭಾವ ಅದನ್ನು ಹಿತ್ತಲಲ್ಲಿ ಹೂತರು. ಅರ್ಧ ಗಂಟೆಯಲ್ಲಿ ಗುದ್ದಲಿ ಹಿಡಿದು ಮತ್ತೆ ಅಗೆಯತೊಡಗಿದರು. ಪಕ್ಕದ ಮನೆಯ ನಾಯಿ ತಿಂದುಬಿಟ್ಟರೆ ಏನು ಗತಿ ಎಂಬ ಚಿಂತೆ!

“ನಾಯಿ ಯಾವ ಟೀಮಿಗೂ ಆಡಲ್ವಲ್ಲ ಭಾವ?” ಅಂದೆ.

“ಅದು ಬಂದು ನಮ್ಮ ಹುಡುಗನ ಮುಖ ನೆಕ್ಕತ್ತಲ್ಲಯ್ಯ,” ಎಂದು ಹಣೆಯ ಬೆವರು ಒರೆಸಿಕೊಂಡರು.

ಮಗ ಯಾವ ಊರಿನಲ್ಲೇ ಆಡಲಿ, ಸಂಜೆಗೆ ಭಾವನ ಫೋನ್ ತಪ್ಪದು. ಊಟ ಆಯ್ತಾ, ಏನ್ ತಿಂದೆ? ನಾವೂ ನೀವೂ ದಿನಕ್ಕೆ ಹತ್ತು ಸಲ ಕೇಳುವ ಮಾತೇ. ಆದರೆ ಉತ್ತರಕ್ಕೆ ನಾವು ಕಾಯುತ್ತೇವೆಯೇ? ಭಾವ ಕಾಯುತ್ತಾರೆ! ಸಾಸ್ ಬಾಟಲಿಯ ಮೇಲಿನ ಸಣ್ಣಕ್ಷರವನ್ನೂ ಓದಿಸುತ್ತಾರೆ. ಮಗ ಇಂಗ್ಲಿಷಿನಲ್ಲೇ ಗೊಣಗುತ್ತ ಓದುತ್ತಾನೆ.

ಒಂದು ಬೇಸಿಗೆಯಲ್ಲಿ ಅವನ ತಂಡ ಬ್ರಿಸ್ಬೇನಿಗೆ ಬಂತು. ಫಾರೆಸ್ಟ್ ಲೇಕ್‌ನ ನಮ್ಮ ಮನೆಯಲ್ಲಿ ಮಧ್ಯಾಹ್ನ ಊಟ ಮಾಡಿ ಆಡಲು ಹೋದ. ಆಟ ಮುಗಿದದ್ದೇ ತಡ, ಕೈಯಲ್ಲಿ ಕಾಗದ ಹಿಡಿದ ಅಧಿಕಾರಿಯೊಬ್ಬರು ಅವನನ್ನು ಮೂತ್ರಪರೀಕ್ಷೆಗೆ ಕರೆದುಕೊಂಡು ಹೋದರು. ಅವನ ಫೋನು ಸಿಗದೆ ಭಾವ ನನಗೆ ಮಾಡಿದರು. ಪರೀಕ್ಷೆಯ ವಿಷಯ ಹೇಳಿ, ಅವನು ತಿಂದದ್ದನ್ನು ನಾನು ಹುರುಪಿನಿಂದಲೇ ಒಪ್ಪಿಸಿದೆ: ಚಿತ್ರಾನ್ನ, ಹಪ್ಪಳ, ಗಸಗಸೆ ಪಾಯಸ.

ಭಾವನ ದನಿ ಸಣ್ಣದಾಯಿತು. “ಗಸಗಸೆ ಯಾವ ಗಿಡದ್ದು ಗೊತ್ತೇನಯ್ಯ? ಅಫೀಮಿನದು. ಎಷ್ಟು ಲೋಟ?”

“ಮೂರು,” ಅಂದೆ. ನನ್ನ ನಗು ಅಲ್ಲಿಗೆ ನಿಂತಿತು.

ಮುಂದಿನ ವಾರಗಳನ್ನು ಹೇಗೆ ಕಳೆದೆವೋ! ಹೆಂಡತಿ ಗಸಗಸೆ ಡಬ್ಬಿಯನ್ನೇ ಕಸಕ್ಕೆ ಹಾಕಿದಳು. ಪ್ರೀತಿಯಿಂದ ಬಡಿಸಿದ ಪಾಯಸವೇ ಹುಡುಗನ ಬದುಕಿಗೆ ಕಲ್ಲು ಹಾಕಿದರೆ ಅಕ್ಕನಿಗೆ ಯಾವ ಮುಖ ತೋರಿಸಲಿ? ಭಾವನೋ, ಮಗನ ಬದಲು ತಮ್ಮನ್ನೇ ಆಟದಿಂದ ನಿಷೇಧಿಸಬೇಕೆಂದು ಅರ್ಜಿ ಬರೆದಿಟ್ಟುಕೊಂಡರು. ಜನ್ಮದಲ್ಲಿ ಬೇಸ್‌ಬಾಲ್ ಮುಟ್ಟದ ಮನುಷ್ಯ! ಕೊನೆಗೆ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲವೆಂದು ತಂಡದವರು ತಿಳಿಸಿದರು. ಅರ್ಜಿ ಮಾತ್ರ ಭಾವನ ಬೀರುವಿನಲ್ಲೇ ಇದೆ, ಮುಂದೆ ಬೇಕಾದೀತು ಅಂತ.

ಮರುವರ್ಷ ಆಫೀಸಿನ ಕೆಲಸಕ್ಕೆ ಅಡಿಲೇಡಿಗೆ ಹೋಗಿದ್ದೆ. ಅಲ್ಲಿ ಅವನ ತಂಡದ ಪಂದ್ಯವಿತ್ತು. ಅವನು ಆಡಲಿಲ್ಲ, ಬೆಂಚಿನಲ್ಲೇ ಕೂತಿದ್ದ. ಆಟದ ನಂತರ ಹೋಟೆಲಿನಲ್ಲಿ ಇಬ್ಬರೂ ಊಟಕ್ಕೆ ಕೂತಾಗ, ಭುಜದ ನೋವಿನಿಂದ ತಂಡದಲ್ಲಿ ತನ್ನ ಜಾಗ ಹೋಯಿತೆಂದ. ತಿಂಗಳ ಹಿಂದೆ ಜೊತೆಯವನೊಬ್ಬ ಒಂದು ಪೊಟ್ಟಣ ಕೊಟ್ಟಿದ್ದನಂತೆ. ಹದಿನೈದು ದಿನ ನುಂಗಿದರೆ ಭುಜ ಸರಿಹೋಗುತ್ತದೆ, ಯಾವ ಪರೀಕ್ಷೆಗೂ ಸಿಗುವುದಿಲ್ಲ ಎಂದಿದ್ದನಂತೆ.

“ತಗೊಂಡ್ಯಾ?” ತುತ್ತನ್ನು ತಟ್ಟೆಗೇ ಇಟ್ಟು ಕೇಳಿದೆ.

ಅವನು ಇಲ್ಲವೆಂದು ತಲೆಯಾಡಿಸಿದ. ಮಾತ್ರೆ ಅಂಗೈಯಲ್ಲಿತ್ತಂತೆ, ನೀರಿನ ಲೋಟವೂ ಮುಂದಿತ್ತಂತೆ. ಕೊನೆಗೆ ಪೊಟ್ಟಣದ ಸಮೇತ ಟಾಯ್ಲೆಟ್ಟಿಗೆ ಸುರಿದನಂತೆ. ಸಿಕ್ಕಿಬೀಳುವ ಭಯವೇ ಎಂದು ಕೇಳಿದೆ. ನಮ್ಮೊಡನೆ ಎಂದೂ ಇಂಗ್ಲಿಷ್ ಬಿಡದ ಹುಡುಗ ತಟ್ಟೆ ನೋಡುತ್ತ ಕನ್ನಡದಲ್ಲಿ ಹೇಳಿದ:

“ಸಂಜೆ ಅಪ್ಪ ಏನ್ ತಿಂದೆ ಅಂತ ಕೇಳ್ತಾರಲ್ಲ ಮಾಮ. ಏನಂತ ಹೇಳ್ಲಿ?”

ಅವನು ಕೈತೊಳೆಯಲು ಎದ್ದುಹೋದಾಗ ನನ್ನ ಫೋನ್ ಬಡಿದುಕೊಂಡಿತು. ಭಾವ. ಹುಡುಗನಿಗೆ ಊಟ ಆಯ್ತಾ, ಏನು ತಿಂದ? ಅದೇ ಹೆದರಿದ ದನಿ. ಎಷ್ಟು ವರ್ಷ ಆ ದನಿಗೆ ನಕ್ಕಿದ್ದೆ! ಕಣ್ಣು ಮಂಜಾಯಿತು. ಅವನ ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಅವನು ತಿಂದದ್ದನ್ನೆಲ್ಲ, ಅಂಚಿಗೆ ಸರಿಸಿಟ್ಟ ಈರುಳ್ಳಿಯನ್ನೂ ಬಿಡದೆ, ನಿಧಾನವಾಗಿ ಹೇಳಿದೆ.