ಹೆಂಡತಿಯ ಭಾಷಣಕ್ಕೆ ಹೊಸ ಸ್ಪೀಕರ್

ಕಾರಿನ ರೇಡಿಯೋ ಬೇರೆ ಯಾವ ದಿನ ಕೈಕೊಟ್ಟಿದ್ದರೂ ಸ್ಟೋರ್‌ಕೀಪರ್ ಸಾಹೇಬರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಅವತ್ತು ಸಂಜೆ ಐದಕ್ಕೆ ಅವರ ಹೆಂಡತಿ ರೇಡಿಯೋದಲ್ಲಿ ಮಾತಾಡುವವಳಿದ್ದಳು. ಹೋದ ಸಲ ಆಕೆಯ ಭಾಷಣದ ಹೊತ್ತಿಗೆ ಸರಿಯಾಗಿ ಇವರು ಸೋಫಾದ ಮೇಲೆ ಗೊರಕೆ ಹೊಡೆದಿದ್ದರು. ಆಮೇಲೆ "ಬಹಳ ಚೆನ್ನಾಗಿತ್ತು" ಎಂದು ಹೇಳಿ, "ಯಾವ ಭಾಗ?" ಎಂಬ ಒಂದೇ ಪ್ರಶ್ನೆಗೆ ಸಿಕ್ಕಿಬಿದ್ದಿದ್ದರು. ಅದಾದ ಮೇಲೆ ಒಂದು ವಾರ ಆ ಮನೆಯಲ್ಲಿ ಸದ್ದು ಮಾಡಿದ್ದು ಮಿಕ್ಸಿ ಮಾತ್ರ.

ಈ ಸಲ ರೇಡಿಯೋ ಕೇಂದ್ರದ ಗೇಟಿನಲ್ಲೇ ಕಾರು ನಿಲ್ಲಿಸಿಕೊಂಡು, ಕಣ್ಣು ತೆರೆದುಕೊಂಡು ಕೇಳಿ, ಹಾಗೇ ಆಕೆಯನ್ನು ಕರೆತರುವುದು ಎಂದು ತೀರ್ಮಾನಿಸಿದ್ದರು. ಬೆಳಿಗ್ಗೆ ನೋಡಿದರೆ ರೇಡಿಯೋದ ದೀಪ ಉರಿಯುತ್ತಿದೆ, ಸ್ವರವೇ ಇಲ್ಲ.

"ಸ್ಪೀಕರ್ ಸತ್ತಿದೆ ಕಣೇ!"

"ಹಳೇ ಕಾರಲ್ವಾ, ಹೋಗ್ಲಿ ಬಿಡಿ. ನೀವು ಕೇಳ್ದಿದ್ರೂ ಪರವಾಗಿಲ್ಲ," ಎಂದಳು ಹೆಂಡತಿ, ತಲೆ ಬಾಚಿಕೊಳ್ಳುತ್ತ.

ಸಂಸಾರಸ್ಥರಿಗೆ ಇಂಥ "ಪರವಾಗಿಲ್ಲ"ದ ಬೆಲೆ ಗೊತ್ತು. ಆಕೆ ಬಸ್ಸು ಹತ್ತಿದ್ದೇ ತಡ, ಸಾಹೇಬರು ಫ್ಯಾಕ್ಟರಿಗೆ ರಜೆ ಹೇಳಿ ಕಾರು ಹೊರಗೆ ತೆಗೆದರು.

ಕೆಳಮನೆಯ ನಿವೃತ್ತ ಹೆಡ್‌ಮಾಸ್ಟರು ಗೇಟಿನಲ್ಲೇ ಅಡ್ಡಹಾಕಿದರು. ವಿಷಯ ತಿಳಿದು, ಕರೆಯುವ ಮೊದಲೇ ಹಿಂದಿನ ಸೀಟಿನಲ್ಲಿ ಕೂತರು. ದಾರಿಯಲ್ಲಿ ಹೆಂಡತಿಯ ತಮ್ಮ ಕೈ ಅಡ್ಡ ಹಿಡಿದು ಹತ್ತಿಕೊಂಡ. ಕೆಲಸವಿಲ್ಲದ ಅವನಿಗೆ ಅಭಿಪ್ರಾಯಗಳಿಗೆ ಮಾತ್ರ ಕೊರತೆಯಿರಲಿಲ್ಲ.

ಅಂಗಡಿಯಲ್ಲಿ ಗೋಡೆ ತುಂಬ ಸ್ಪೀಕರುಗಳು. "ಭಾವ, ಸ್ಪೀಕರ್ ಅಂದ್ಮೇಲೆ ಎದೆ ಅದುರ್ಬೇಕು," ಎಂದು ಭಾವಮೈದ ತಟ್ಟೆಯಷ್ಟು ಅಗಲದ್ದೊಂದನ್ನು ಅಪ್ಪಿಕೊಂಡ.

"ಎದೆ ಅದುರೋಕೆ ಇದೇನು ಭೂಕಂಪವೇನಯ್ಯ? ಮಾತು ಕೇಳೋಕೆ ಚಿಕ್ಕದೇ ಆಗ್ಬೇಕು," ಎಂದು ಹೆಡ್‌ಮಾಸ್ಟರು ಗರ್ಜಿಸಿದರು.

"ಈ ಕಾರಿನ ಬಾಗಿಲಿಗೆ ಕೂರೋದೂ ಚಿಕ್ಕದೇ ಸಾರ್," ಎಂದ ಅಂಗಡಿಯವನು.

"ಕೂರದಿದ್ರೆ ಕೂರಿಸ್ಬೇಕಪ್ಪ!" ಎಂದ ಭಾವಮೈದ.

ವಾದ ಮಧ್ಯಾಹ್ನದ ಊಟದ ಹೊತ್ತನ್ನು ನುಂಗಿತು. ಜನ್ಮದಲ್ಲಿ ಯಾರಿಗೂ "ಇಲ್ಲ" ಎಂದು ಹೇಳಿ ಗೊತ್ತಿಲ್ಲದ ಸಾಹೇಬರು ಕೊನೆಗೆ ತೀರ್ಪು ಕೊಟ್ಟರು: ಡ್ರೈವರ್ ಕಡೆಯ ಬಾಗಿಲಿಗೆ ದೊಡ್ಡದು, ಆ ಕಡೆಯದಕ್ಕೆ ಚಿಕ್ಕದು. ಅಂಗಡಿಯವನು ಅವರನ್ನು ಕನಿಕರದಿಂದ ನೋಡಿ ಗರಗಸ ತಂದ. ಹಳೆಯ ಸ್ಪೀಕರ್ ಎರಡನ್ನೂ ಬಿಚ್ಚಿ ಭಾವಮೈದನ ಕೈಗಿಟ್ಟ, ಬಾಗಿಲು ಕೊರೆದ, ಹಳೆಯ ವೈರನ್ನು ನಂಬದೆ ಹೊಸದನ್ನೇ ಎಳೆದ, ಸ್ಪೀಕರ್ ಜಡಿದ. ಸದ್ದು ಬಂತು, ಗಂಟೆ ಹೊಡೆದಷ್ಟು ಸ್ಪಷ್ಟವಾಗಿ. ಆದರೆ ಕೆಳಗಿಳಿಸಿದ್ದ ಕಿಟಕಿಯ ಗಾಜು ದೊಡ್ಡ ಸ್ಪೀಕರಿನ ಬೆನ್ನಿಗೆ ಸಿಕ್ಕಿಕೊಂಡು ಮೇಲೆ ಬರಲೊಲ್ಲದು.

"ಗಾಳಿ ಚೆನ್ನಾಗಿ ಬರುತ್ತೆ ಬಿಡಿ ಸಾರ್," ಎಂದ ಅಂಗಡಿಯವನು.

ಜಗಳಕ್ಕೆ ಸಮಯವಿರಲಿಲ್ಲ. ರೇಡಿಯೋ ಕೇಂದ್ರದ ಮುಂದೆ ಕಾರು ನಿಂತಾಗ ಐದಾಗಿತ್ತು. ಪಕ್ಕದಲ್ಲೇ ಬಸ್‌ಸ್ಟಾಪು, ಜನ ತುಂಬಿದ್ದರು. ಹೆಂಡತಿಯ ದನಿ ತೆರೆದ ಕಿಟಕಿಯಿಂದ ಬೀದಿಗೆ ಹರಿಯಿತು. ಸಾಹೇಬರಿಗೆ ನಿಜಕ್ಕೂ ಹೆಮ್ಮೆಯಾಯಿತು. ಹೆಡ್‌ಮಾಸ್ಟರಿಗೆ ಇನ್ನೂ ಹೆಚ್ಚು. ಅವರು ಕತ್ತು ಹೊರಗೆ ಹಾಕಿ, "ಮಾತಾಡ್ತಿರೋದು ಇವರ ಮನೆಯವರೇ ಕಣ್ರೀ!" ಎಂದು ಸಾರಿದರು. ಜನ ಹತ್ತಿರ ಬಂದರು.

"...ನಮ್ಮ ಯಜಮಾನ್ರು ಫ್ಯಾಕ್ಟರಿಯಲ್ಲಿ ಒಂದು ನಟ್ಟು ಕಳೆದುಹೋಗೋಕೆ ಬಿಡಲ್ಲ," ಎನ್ನುತ್ತಿತ್ತು ರೇಡಿಯೋ. "ಮನೆಯಲ್ಲಿ ಮಾತ್ರ ಬನಿಯನ್ ಎಲ್ಲಿ ಅಂತ ಕೂಗಾಡ್ತಾರೆ, ಅದನ್ನ ಹಾಕ್ಕೊಂಡೇ! ಜಿರಲೆ ಬಂದ್ರಂತೂ ಕುರ್ಚಿ ಹತ್ತಿ ನಿಂತು, ನನಗೆ ಪೊರಕೆ ಇರೋ ಜಾಗ ತೋರಿಸ್ತಾರೆ..."

ಬಸ್‌ಸ್ಟಾಪು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಾಹೇಬರು ರೇಡಿಯೋ ಆರಿಸಲು ಕೈ ಚಾಚಿದರು. ಹೆಡ್‌ಮಾಸ್ಟರು ಹಿಂದಿನಿಂದ ಆ ಕೈ ಹಿಡಿದರು.

"ಮುಟ್ಬೇಡಿ ಸಾರ್! ಎಷ್ಟು ಸ್ಪಷ್ಟವಾಗಿದೆ!"

ಬಂದ ಬಸ್ಸನ್ನೂ ಬಿಟ್ಟು ಜನ ಪೂರ್ತಿ ಕೇಳಿದರು. ಸ್ವಲ್ಪ ಹೊತ್ತಿಗೆ ಹೆಂಡತಿ ಹೊರಬಂದಳು. ಕಾರಿನ ಸುತ್ತಲ ಗುಂಪು, ಕೊರೆದ ಬಾಗಿಲು, ಗಂಡನ ಕೆಂಪು ಮುಖ ನೋಡಿ ಅಲ್ಲೇ ನಿಂತಳು.

"ಕೇಳ್ಬಿಟ್ರಾ?"

"ನಾನೊಬ್ಬನೇ ಅಲ್ಲ ಕಣೇ, ಊರೇ ಕೇಳ್ತು. ನೀನು ಬೇಜಾರು ಮಾಡ್ಕೋತೀಯ ಅಂತ ರಜೆ ಹಾಕಿ ಹೊಸ ಸ್ಪೀಕರ್ ಹಾಕಿಸ್ದೆ."

"ಅಯ್ಯೋ ನನ್ನ ಕರ್ಮವೇ!" ಆಕೆ ಹಣೆ ಚಚ್ಚಿಕೊಂಡಳು. "ಇದು ನಿಮ್ಮ ಕಿವಿಗೆ ಬೀಳಬಾರ್ದು ಅಂತ ಬೆಳಿಗ್ಗೆ ರೇಡಿಯೋ ಹಿಂದಿನ ವೈರ್ ಕಿತ್ತಿದ್ದೇ ನಾನು ರೀ!"

ಹಿಂದಿನ ಸೀಟಿನಿಂದ ಭಾವಮೈದ ಖುಷಿಯಿಂದ ಬಗ್ಗಿದ.

"ಹಾಗಾದ್ರೆ ಭಾವ, ಹಳೇ ಸ್ಪೀಕರ್ ಎರಡೂ ಚೆನ್ನಾಗೇ ಇವೆ ಅನ್ನಿ. ನಾನೇ ಇಟ್ಕೋತೀನಿ!"