ಪತ್ರೊಡೆ ಭಾವ

ನಮ್ಮ ಭಾವನಿಗೆ ನಾಚಿಕೆಯೆಂಬುದೇ ಇಲ್ಲ. ಬೈಗುಳ ಎಂದುಕೊಳ್ಳಬೇಡಿ, ಅವರ ವ್ಯಾಪಾರದ ಬಂಡವಾಳವೇ ಅದು! ಉದ್ಯಮಿಗೆ ದೂರದೃಷ್ಟಿ ಬೇಕು, ಎದೆಗಾರಿಕೆ ಬೇಕು ಎಂದು ಭಾಷಣಗಳಲ್ಲಿ ಹೇಳುತ್ತಾರಲ್ಲವೇ? ಭಾವನ ದೃಷ್ಟಿ ಕನ್ನಡಕವಿಲ್ಲದೆ ಗೇಟು ದಾಟದು. ಎದೆಗಾರಿಕೆ ನನ್ನ ಅಕ್ಕ ಕೆಮ್ಮುವ ತನಕ ಮಾತ್ರ.

ಹದಿನೆಂಟು ವರ್ಷ ಗಲ್ಫಿನ ಹೋಟೆಲಿನಲ್ಲಿ ಯಾರದೋ ಪಾತ್ರೆಗೆ ಸೌಟು ಹಾಕಿ ಬಂದವರು ಶಕ್ತಿನಗರದ ಮನೆಯಲ್ಲಿ ಪತ್ರೊಡೆ ಉದ್ಯಮ ಶುರು ಮಾಡಿದರು. ಕೆಸುವಿನ ಎಲೆಗೆ ಹಿಟ್ಟು ಸವರಿ, ಸುತ್ತಿ ಬೇಯಿಸುವುದರಲ್ಲಿ ಎಂಥ ಉದ್ಯಮ ಎಂದು ನಾನು ನಕ್ಕೆ. ಅಕ್ಕ ಗಡುವು ಕೊಟ್ಟಳು: "ದೀಪಾವಳಿಯೊಳಗೆ ನಡೆದರೆ ಸರಿ. ಇಲ್ಲದಿದ್ರೆ ನೀವು ಪುನಃ ವಿಮಾನ ಹತ್ತುವುದೇ."

"ಮಕ್ಕಳಿಗೆ ಹುಳಿ ಆಗುವುದಿಲ್ಲ ಮಾರಾಯ" ಎಂದು ಭಾವ ಮೊದಲ ದಿನವೇ ಹುಣಸೆಹುಳಿಯನ್ನು ಅರ್ಧಕ್ಕಿಳಿಸಿ 'ಕಿಡ್ಸ್ ಸ್ಪೆಷಲ್' ಮಾಡಿದರು. ಹುಳಿ ಕಡಿಮೆಯಾದರೆ ಕೆಸು ಸುಮ್ಮನೆ ಬಿಡುತ್ತದೆಯೇ? ಸಂಜೆಯೊಳಗೆ ಇಡೀ ಬೀದಿಗೆ ಗಂಟಲ ತುರಿಕೆ! ಬೇರೆಯವರಾಗಿದ್ದರೆ ಊರು ಬಿಡುತ್ತಿದ್ದರು. ಭಾವ ಮರುದಿನ ಮನೆಮನೆಗೆ ಕ್ಷಮೆ ಕೇಳಲು ಹೊರಟರು, ಕೈಯಲ್ಲಿ ಹೊಸ ಪತ್ರೊಡೆ ಹಿಡಿದು!

"ಎಂತ, ಪುನಃ ಕೊಲ್ಲಲಿಕ್ಕೆ ಬಂದದ್ದಾ?" ಎಂದರು ಎದುರುಮನೆಯ ಟೀಚರಮ್ಮ.

"ಇಲ್ಲ ಟೀಚರ್, ಇವತ್ತು ಹುಳಿ ಸರೀ ಉಂಟು. ಒಂದು ತುಂಡು ತಿಂದು ಬಯ್ಯಿರಿ."

ಬಾಗಿಲು ಮುಚ್ಚಿತು. ದಿನಾ ಮುಚ್ಚಿತು. ಒಂಬತ್ತನೆಯ ದಿನ ಟೀಚರಮ್ಮ ತಿಂದರು, ಬಹುಶಃ ಭಾವನ ಕಾಟ ತಪ್ಪಲೆಂದು. ಹತ್ತನೆಯ ದಿನ ಅವರೇ ಹೇಳಿ ಕಳಿಸಿದರು. ಅವರ ಬಾಯಿಂದ ಸುದ್ದಿ ಹರಡಿ, ದೀಪಾವಳಿಗೆ ವಾರವಿರುವಾಗ ವಾಮಂಜೂರಿನ ಒಂದು ನಿಶ್ಚಿತಾರ್ಥದ ಮನೆಯಿಂದ ಮೊದಲ ದೊಡ್ಡ ಆರ್ಡರ್ ಬಂತು.

ನಿಶ್ಚಿತಾರ್ಥದ ದಿನ ಬೆಳಿಗ್ಗೆ ಗಮ್ಮತ್ತು ನೋಡಲು ಭಾವನ ಮನೆಗೆ ಹೋದೆ. ಭಾವ ಒಲೆಯ ಮುಂದೆ ಗಂಟಲು ಹಿಡಿದು ಕೂತಿದ್ದರು, ಕಣ್ಣಲ್ಲಿ ನೀರು.

"ದಿನಾ ಮೊದಲ ತುಂಡು ತಾನೇ ತಿಂದು ಅರ್ಧ ಗಂಟೆ ಕಾಯ್ತಾರೆ. ಅಲ್ಲಿವರೆಗೆ ನನಗೂ ಮುಟ್ಟಲಿಕ್ಕಿಲ್ಲ" ಎಂದಳು ಅಕ್ಕ. "ಇವತ್ತು ಪೇಟೆಯಿಂದ ತಂದ ಎಲೆ. ತುರಿಸ್ತಾ ಉಂಟಂತೆ."

"ಸ್ವಲ್ಪ ಅಲ್ವಾ ಭಾವ? ಯಾರಿಗೆ ಗೊತ್ತಾಗ್ತದೆ? ಈ ಆರ್ಡರ್ ಹೋದ್ರೆ ಗಲ್ಫೇ ಗತಿ!" ಎಂದೆ.

"ಹೋಗುವಾ. ಅಲ್ಲಿ ಸಣ್ಣ ಮಕ್ಕಳು ತಿನ್ನುತ್ತಾರೆ ಮಾರಾಯ."

ಮೂರು ಪಾತ್ರೆ ಪತ್ರೊಡೆಯನ್ನು ಹಿತ್ತಲ ಹೊಂಡಕ್ಕೆ ಸುರಿದು, ಆ ಮನೆಗೆ ಫೋನ್ ಮಾಡಿ ಇದ್ದದ್ದು ಇದ್ದಹಾಗೆ ಹೇಳಿದರು. ಅತ್ತಲಿಂದ ಬಂದ ಬೈಗುಳ ನನಗೂ ಕೇಳಿತು. ಕೊನೆಗೆ "ಹಾಗಾದ್ರೆ ಸಂಜೆ ಚಹಾಕ್ಕಾದ್ರೂ ತನ್ನಿ" ಎಂಬುದೂ ಕೇಳಿತು.

ಈ ಮನುಷ್ಯನನ್ನು ಇಷ್ಟು ದಿನ ನಗೆಪಾಟಲು ಮಾಡಿದ್ದಕ್ಕೆ ನನಗೆ ಸಂಕಟವಾಯಿತು. ಹೊಸ ಎಲೆ ಬಂದೊಡನೆ ನೆಲದ ಮೇಲೆ ಕುಳಿತು ನಾರು ತೆಗೆಯತೊಡಗಿದೆ.

"ನಿಲ್ಲು, ಕೈ ತುರಿಸ್ತದೆ" ಎಂದ ಭಾವ ನನ್ನ ಎರಡೂ ಕೈ ಹಿಡಿದುಕೊಂಡು, ಒಂದೊಂದೇ ಬೆರಳಿಗೆ ತೆಂಗಿನೆಣ್ಣೆ ಸವರಿದರು.