ಬಾಹ್ಯಾಕಾಶದ ಪೂರಿ

ಸುಲಭವಾದ ಕೆಲಸವೊಂದನ್ನು ನನ್ನ ಕೈಗೆ ಕೊಟ್ಟರೆ ಅದು ಸುಲಭವಾಗಿ ಉಳಿಯುವುದಿಲ್ಲ. ಇದು ನನ್ನ ಹೆಂಡತಿ ಲತಾಳ ಅಭಿಪ್ರಾಯ. ಎಲೆಕ್ಟ್ರಾನಿಕ್ ಸಿಟಿಯ ನನ್ನ ಆಫೀಸಿನಲ್ಲಿ ಇದನ್ನೇ ಪ್ಲಾನಿಂಗ್ ಎನ್ನುತ್ತಾರೆ, ಅದಕ್ಕೆ ಸಂಬಳವನ್ನೂ ಕೊಡುತ್ತಾರೆ. ತೊಂದರೆಯೆಂದರೆ, ಸಂಜೆ ಕೊರಳಿನಿಂದ ಐಡಿ ಕಾರ್ಡು ಇಳಿದಷ್ಟು ಸಲೀಸಾಗಿ ಈ ಅಭ್ಯಾಸ ಇಳಿಯುವುದಿಲ್ಲ. ಬಸ್ಸು ಹತ್ತಿ ನನ್ನ ಜೊತೆಗೇ ಸಿಂಗಸಂದ್ರದವರೆಗೂ ಬಂದುಬಿಡುತ್ತದೆ.

ಬೇಗೂರಿನ ಬಾಡಿಗೆ ಮನೆ ಬಿಟ್ಟು ಸಿಂಗಸಂದ್ರದ ಈ ಫ್ಲ್ಯಾಟಿಗೆ ಬಂದಾಗ ನಮ್ಮ ಮಗಳು ಇಂಚರಾಳ ಶಾಲೆಯೂ ಬದಲಾಯಿತು. ಬೇಗೂರಿನಲ್ಲಿ ಬಾಗಿಲು ತೆರೆದರೆ ಸಾಕು, ಬೀದಿಯ ಮಕ್ಕಳೆಲ್ಲ ಒಳಗೆ ನುಗ್ಗುತ್ತಿದ್ದರು. ಇಲ್ಲಿ ಬಾಗಿಲು ತೆರೆದರೆ ಲಿಫ್ಟು ಕಾಣುತ್ತದೆ. ಅವಳ ಊಟದ ಡಬ್ಬಿ ದಿನವೂ ಅರ್ಧ ಹಾಗೇ ವಾಪಸ್ ಬರತೊಡಗಿತು. ಯಾಕೆಂದು ಕೇಳಿದರೆ, "ಒಬ್ಳೇ ಕೂತ್ಕೊಂಡು ತಿನ್ನಕ್ಕೆ ಬೇಜಾರು" ಎಂದಳು. ಅವತ್ತು ನಮ್ಮಿಬ್ಬರಿಗೂ ಊಟ ರುಚಿಸಲಿಲ್ಲ.

ಹೀಗಿರುವಾಗ ಒಂದು ದಿನ ಶಾಲೆಯಿಂದ ಓಡಿಬಂದು, "ಶನಿವಾರ ಸಂಜೆ ನಿಧಿ, ಆಫ್ರೀನ್ ಇಬ್ರೂ ಸಿನಿಮಾ ನೋಡಕ್ಕೆ ನಮ್ಮನೇಗೆ ಬರ್ತಾರಂತೆ" ಎಂದಳು. ಇಬ್ಬರೂ ಅವಳ ಕ್ಲಾಸಿನವರು. ನೋಡಬೇಕಾದದ್ದು ಯಾವುದೋ ರಾಕೆಟ್ ಸಿನಿಮಾ.

"ಚಿತ್ರಾನ್ನ ಮಾಡಿ ಹಪ್ಪಳ ಕರೀತೀನಿ. ಮುಗೀತು" ಎಂದಳು ಲತಾ.

"ರಾಕೆಟ್ ಸಿನಿಮಾಗೆ ಚಿತ್ರಾನ್ನನಾ? ಸಿನಿಮಾಗೆ ತಕ್ಕ ಹಾಗೆ ತಿಂಡಿ ಇರ್ಬೇಕು ಕಣೇ. ಈಗೆಲ್ಲಾ ಹಾಗೇನೇ. ತುಂಬ ಸುಲಭ, ನಾನೇ ಮಾಡ್ತೀನಿ" ಎಂದೆ.

ಇಂಚರಾ ಅಮ್ಮನ ಮುಖ ನೋಡಿದಳು. ಅಮ್ಮ ಫ್ಯಾನ್ ನೋಡಿದಳು.

ನನ್ನ ಯೋಜನೆ ಹೀಗಿತ್ತು: ಇಡ್ಲಿ ಎಂದರೆ ಚಂದ್ರ. ಸಬ್ಬಕ್ಕಿ ವಡೆ ಎಂದರೆ ಉಲ್ಕೆ. ಜಾಮೂನುಗಳನ್ನು ಬೇರೆಬೇರೆ ಗಾತ್ರದಲ್ಲಿ ಮಾಡಿದರೆ ಗ್ರಹಗಳು. ಎಲ್ಲಕ್ಕಿಂತ ಮುಖ್ಯವಾಗಿ ಪೂರಿ, ಅಂದರೆ ಹಾರುವ ತಟ್ಟೆ. ಮಕ್ಕಳ ಆರೋಗ್ಯದ ದೃಷ್ಟಿಯಿಂದ ಅದನ್ನು ಎಣ್ಣೆಯಲ್ಲಿ ಕರಿಯದೆ, ಹೊಸದಾಗಿ ಕೊಂಡಿದ್ದ ಏರ್ ಫ್ರೈಯರಿನಲ್ಲಿ ಮಾಡುವುದೆಂದು ತೀರ್ಮಾನಿಸಿದೆ. ಈ ತೀರ್ಮಾನವನ್ನು ಯಾರ ಬಳಿಯೂ ಚರ್ಚಿಸಲಿಲ್ಲ. ಮೀಟಿಂಗ್ ಕರೆಯದೆ ನಾನು ಕೈಗೊಂಡ ಏಕೈಕ ತೀರ್ಮಾನ ಅದು.

ಶನಿವಾರ ಮಧ್ಯಾಹ್ನದಿಂದಲೇ ಶುರುಮಾಡಿದೆ. ಗುರು ಗ್ರಹ ಪಾಕದೊಳಗೆ ಒಡೆದು ಶನಿಯನ್ನು ಸೇರಿಕೊಂಡಿತು. ಸಬ್ಬಕ್ಕಿ ಸರಿಯಾಗಿ ನೆನೆದಿರಲಿಲ್ಲವಾಗಿ ಉಲ್ಕೆಗಳು ಬಾಣಲೆಯಲ್ಲಿ ಸಿಡಿದವು. ಉಲ್ಕೆಗಳು ಹಾಗೆ ಮಾಡುವುದು ಸಹಜ ಎಂದು ಸಮಾಧಾನ ಮಾಡಿಕೊಂಡೆ, ಲತಾ ಗೋಡೆ ಒರೆಸಿದಳು.

ಮಕ್ಕಳು ಬಂದರು. ಸೋಫಾದ ಮೇಲೆ ಇಂಚರಾ ಒಂದು ತುದಿಯಲ್ಲಿ, ಅವರಿಬ್ಬರೂ ಇನ್ನೊಂದು ತುದಿಯಲ್ಲಿ ಕೂತರು. ನಡುವೆ ಇನ್ನೂ ಇಬ್ಬರು ಕೂರುವಷ್ಟು ಜಾಗವಿತ್ತು. ಒಳ್ಳೆಯ ತಿಂಡಿಯೊಂದೇ ಇದಕ್ಕೆ ಪರಿಹಾರವೆಂದುಕೊಂಡು ಅಡುಗೆಮನೆಗೆ ಓಡಿದೆ.

ಸಿನಿಮಾ ಶುರುವಾದ ಸ್ವಲ್ಪ ಹೊತ್ತಿಗೇ ಕರೆಂಟು ಹೋಯಿತು. ಅಪಾರ್ಟ್‌ಮೆಂಟಿನ ಜನರೇಟರ್ ಬಂತು. ಆದರೆ ಅದು ಫ್ಯಾನು, ಲೈಟು, ಟಿವಿ ಇಷ್ಟನ್ನು ಮಾತ್ರ ಹೊರುವ ಬಡ ಪ್ರಾಣಿ. ಪೂರಿ ಅರ್ಧ ಬೆಂದಿದೆಯಲ್ಲ ಎಂದು ನಾನು ಏರ್ ಫ್ರೈಯರಿನ ಸ್ವಿಚ್ ಒತ್ತಿದೆ. ರಾಕೆಟ್ ಮೇಲೇಳುವ ಗಳಿಗೆಗೆ ಸರಿಯಾಗಿ ಇಡೀ ಮನೆಯೇ ಆರಿಹೋಯಿತು.

"ಅಪ್ಪಾ" ಎಂದಳು ಇಂಚರಾ. ಆ ಒಂದು ಮಾತಿನಲ್ಲೇ ಅಳು ಇತ್ತು.

ಲತಾ ಸೆಕ್ಯುರಿಟಿಯವರಿಗೆ ಫೋನ್ ಮಾಡಿದಳು. "ಲೋಡ್ ಜಾಸ್ತಿ ಆಗೈತೆ ಮೇಡಂ, ಎಲೆಕ್ಟ್ರೀಷಿಯನ್ ಬರ್ಬೇಕು" ಎಂದರು. ನಾನು ಎಮರ್ಜೆನ್ಸಿ ದೀಪ ಹಚ್ಚಿ, ಆದಷ್ಟು ಮಟ್ಟಿಗೆ ಮುಗುಳ್ನಗುತ್ತಾ, ಆಗಿದ್ದಷ್ಟು ಪೂರಿ ತಂದಿಟ್ಟೆ. ಆಫ್ರೀನ್ ಒಂದನ್ನು ಕಚ್ಚಲು ನೋಡಿದಳು. ಆಗಲಿಲ್ಲ. ಮೆಲ್ಲಗೆ ಟೀಪಾಯಿಗೆ ಕುಟ್ಟಿದಳು. ಟಕ್ ಟಕ್ ಎಂದಿತು.

"ಅಂಕಲ್, ಇದು ತಿನ್ನೋದಾ?"

"ಅದು ಹಾರುವ ತಟ್ಟೆ ಕಣಮ್ಮ" ಎಂದೆ.

ಆಫ್ರೀನ್ ಅದನ್ನು ಮೆಲ್ಲಗೆ ತಟ್ಟೆಗೇ ವಾಪಸ್ ಇಟ್ಟಳು. ಅಷ್ಟರಲ್ಲಿ ಲತಾ ದೊಡ್ಡ ಪಾತ್ರೆಯ ತುಂಬ ಚಿತ್ರಾನ್ನ, ಜೊತೆಗೆ ಹಪ್ಪಳ, ಉಪ್ಪಿನಕಾಯಿ ತಂದಳು. ನನ್ನನ್ನು ನಂಬದೆ ಮೊದಲೇ ಅನ್ನ ಮಾಡಿಟ್ಟಿದ್ದಳು. ನನಗೆ ಸುಮ್ಮನಿರಲಾಗಲಿಲ್ಲ. ಪಾತ್ರೆಯ ಕಡೆ ಕೈ ತೋರಿಸಿ, "ಇದು ನಕ್ಷತ್ರಗಳ ಧೂಳು" ಎಂದುಬಿಟ್ಟೆ.

"ಅಪ್ಪಾ, ಅದು ಚಿತ್ರಾನ್ನ" ಎಂದಳು ಇಂಚರಾ.

ನಿಧಿಗೆ ಮೊದಲು ನಗು ಬಂತು. ಆಮೇಲೆ ಆಫ್ರೀನಳಿಗೆ. ಇಂಚರಾ ತಡೆದುಕೊಳ್ಳಲು ನೋಡಿ, ಸೋತು, ಅವರಿಬ್ಬರ ಮೇಲೇ ಬಿದ್ದು ನಕ್ಕಳು. "ಅಂಕಲ್, ಹಪ್ಪಳ ಏನು?" ಎಂದು ಒಬ್ಬಳು, "ಉಪ್ಪಿನಕಾಯಿ ಯಾವ ಗ್ರಹ?" ಎಂದು ಇನ್ನೊಬ್ಬಳು. ನಾನು ಗಂಭೀರವಾಗಿ ಉತ್ತರ ಕೊಟ್ಟಷ್ಟೂ ನಗು ಜಾಸ್ತಿಯಾಯಿತು. ಮೂವರೂ ಒಂದೇ ಕಡೆ ಒತ್ತೊತ್ತಾಗಿ ಕೂತು ಪಾತ್ರೆ ಖಾಲಿ ಮಾಡಿದರು. ಕರೆಂಟು ಬಂದಾಗ ಸಿನಿಮಾ ಯಾರಿಗೂ ನೆನಪಾಗಲಿಲ್ಲ.

ಮುಂದಿನ ವಾರ ಆಫ್ರೀನಳ ತಾಯಿ ಫೋನ್ ಮಾಡಿದರು. "ಈ ಶನಿವಾರ ಇಂಚರಾನ ನಮ್ಮನೇಗೆ ಕಳ್ಸಿ ಸಾರ್. ನಮ್ಮ ಹುಡುಗಿ ನಿಮ್ಮ ವಿಷ್ಯನೇ ಹೇಳ್ತಾ ಇರ್ತಾಳೆ. ಹೊಸ ಮಕ್ಕಳು, ಸಂಕೋಚ ಪಡ್ತಾರೆ ಅಂತ ಬೇಕೂಂತಲೇ ಅಷ್ಟೊಂದು ತಮಾಷೆ ಮಾಡಿದ್ರಲ್ಲ, ಎಷ್ಟು ಜನ ಅಪ್ಪಂದಿರು ಹಾಗ್ಮಾಡ್ತಾರೆ ಹೇಳಿ."

ಅಡುಗೆಮನೆಯಲ್ಲಿ ಚಟ್ನಿ ಅರೆಯುತ್ತಿದ್ದ ಲತಾ ನನ್ನ ಉತ್ತರ ಕೇಳಲೆಂದೇ ಮಿಕ್ಸಿ ನಿಲ್ಲಿಸಿದಳು.

"ಅಯ್ಯೋ, ಅದರಲ್ಲೇನಿದೆ ಮೇಡಂ" ಎಂದೆ ನಾನು. "ಎಲ್ಲಾ ಮೊದಲೇ ಪ್ಲಾನ್ ಮಾಡಿದ್ದೆ."